‘ಸೇವ್ ಆ್ಯಸ್’ ಪಟ್ಟಿಯಲ್ಲಿ ಜೆಪಿಜಿ ಕಾಣುತ್ತಿಲ್ಲವೇ? ಸಾಫ್ಟ್‌ವೇರ್ ಕೆಟ್ಟಿಲ್ಲ, ಹೆಸರು ತಿದ್ದಿದರೂ ಸಾಲದು

ವಿದ್ಯಾರ್ಥಿವೇತನ, ಪ್ರವೇಶ ಪರೀಕ್ಷೆ, ನೌಕರಿ ಹೀಗೆ ಯಾವ ಆನ್‌ಲೈನ್ ಅರ್ಜಿ ತೆರೆದರೂ ಒಂದು ಸಾಲು ಸಾಮಾನ್ಯವಾಗಿ ಇರುತ್ತದೆ: ಫೋಟೋ ಮತ್ತು ಸಹಿ ಜೆಪಿಜಿ ರೂಪದಲ್ಲಿರಬೇಕು, ಇಷ್ಟು ಕೆಬಿ ಮೀರಬಾರದು. ಫೋಟೋವನ್ನು ಕತ್ತರಿಸಿ, ಹಿನ್ನೆಲೆ ಬಿಳಿ ಮಾಡಿ, ಕೊನೆಗೆ ‘ಸೇವ್ ಆ್ಯಸ್’ ಒತ್ತಿದರೆ ಪಟ್ಟಿಯಲ್ಲಿ ಪಿಎಸ್‌ಡಿ ಇದೆ, ಟಿಫ್ ಇದೆ, ಪಿಡಿಎಫ್ ಇದೆ. ಬೇಕಾದ ಜೆಪಿಜಿ ಮಾತ್ರ ಇಲ್ಲ! ಅರ್ಜಿ ಹಾಕಲು ಅದೇ ಕೊನೆಯ ದಿನವಾಗಿದ್ದರಂತೂ ಕೈಕಾಲು ಆಡುವುದಿಲ್ಲ.

ಇಂಥ ಹೊತ್ತಿನಲ್ಲಿ ಸಿಗುವ ಸಲಹೆಗಳು ಹಲವು. ‘ವೈರಸ್ ಬಂದಿದೆ’, ‘ಸಾಫ್ಟ್‌ವೇರ್ ಅವಧಿ ಮುಗಿದಿದೆ’, ‘ತೆಗೆದು ಮತ್ತೆ ಹಾಕಿ’, ‘ಹೆಸರಿನ ಕೊನೆಗೆ ಡಾಟ್ ಜೆಪಿಜಿ ಅಂತ ಬರೆದುಬಿಡಿ’, ‘ಈ ಲಿಂಕ್ ಒತ್ತಿ, ಉಚಿತವಾಗಿ ಬದಲಾಗುತ್ತದೆ’. ಇವುಗಳಲ್ಲಿ ಹೆಚ್ಚಿನವು ತಪ್ಪು. ಕೊನೆಯದಂತೂ ಅಪಾಯಕಾರಿಯೂ ಆಗಬಹುದು.

ಚುಟುಕಾಗಿ ಉತ್ತರ

ಚಿತ್ರ ತಿದ್ದುವ ಸಾಫ್ಟ್‌ವೇರ್ ತೋರಿಸುವ ಪಟ್ಟಿ ಎಲ್ಲ ಚಿತ್ರಕ್ಕೂ ಒಂದೇ ಆಗಿರುವುದಿಲ್ಲ. ಆ ಹೊತ್ತಿಗೆ ತೆರೆದಿರುವ ಚಿತ್ರದಲ್ಲಿ ಏನೇನಿದೆಯೋ ಅದನ್ನು ಹಿಡಿದಿಡಬಲ್ಲ ಫಾರ್ಮ್ಯಾಟ್‌ಗಳನ್ನು ಮಾತ್ರ ಅದು ತೋರಿಸುತ್ತದೆ. ಜೆಪಿಜಿ ಕಾಣದಿದ್ದರೆ ‘ಈ ಚಿತ್ರದಲ್ಲಿ ಜೆಪಿಜಿಗೆ ಹಿಡಿಸದ ಏನೋ ಒಂದು ಇದೆ’ ಎಂದು ಅರ್ಥ. ಆ ‘ಏನೋ ಒಂದು’ ಯಾವುದೆಂದು ಗೊತ್ತಾದರೆ ಅರ್ಧ ನಿಮಿಷದ ಕೆಲಸ.

ಫೋಟೋಶಾಪ್ ಬಳಸುವವರು ಮೊದಲು ಮಾಡಬೇಕಾದದ್ದು ಇಷ್ಟೇ: ‘ಫೈಲ್’ ಮೆನುವಿನಲ್ಲಿ ‘ಸೇವ್ ಆ್ಯಸ್’ ಬಿಟ್ಟು ‘ಸೇವ್ ಎ ಕಾಪಿ’ ಒತ್ತಿ ನೋಡಿ. ಬಹಳಷ್ಟು ಸಲ ಜೆಪಿಜಿ ಅಲ್ಲೇ ಇರುತ್ತದೆ. ಅಲ್ಲೂ ಇಲ್ಲದಿದ್ದರೆ ಮುಂದೆ ಓದಿ.

ಫಾರ್ಮ್ಯಾಟ್ ಎಂದರೆ ಹೆಸರಲ್ಲ

ಬಾಗಲಕೋಟೆ ಜಿಲ್ಲೆಯ ಅಮೀನಗಡ ಎಂದರೆ ಕರದಂಟು ನೆನಪಾಗುತ್ತದೆ. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಒಣಹಣ್ಣು ಸೇರಿ ಆಗುವ ತಿನಿಸು ಅದು. ಧಾರವಾಡ ಪೇಢೆಯ ಡಬ್ಬಿಗೆ ‘ಅಮೀನಗಡ ಕರದಂಟು’ ಎಂಬ ಚೀಟಿ ಅಂಟಿಸಿದರೆ ಒಳಗಿರುವುದು ಕರದಂಟು ಆಗುತ್ತದೆಯೇ? ಆಗುವುದಿಲ್ಲ. ಡಬ್ಬಿ ತೆರೆದವರಿಗೆ ಮೊದಲ ತುತ್ತಿಗೇ ತಿಳಿಯುತ್ತದೆ.

ಫೈಲಿನ ಹೆಸರಿನ ಕೊನೆಯ ಮೂರು ನಾಲ್ಕು ಅಕ್ಷರಗಳೂ ಅಂಥ ಚೀಟಿಯೇ. ಒಳಗಿನ ಮಾಹಿತಿಯನ್ನು ಯಾವ ಕ್ರಮದಲ್ಲಿ ಜೋಡಿಸಲಾಗಿದೆ ಎನ್ನುವುದು ನಿಜವಾದ ಫಾರ್ಮ್ಯಾಟ್. ಪ್ರತಿಯೊಂದಕ್ಕೂ ತನ್ನದೇ ಮಿತಿ ಇದೆ:

ಜೆಪಿಜಿ ಅಥವಾ ಜೆಪೆಗ್: ‘ಜಾಯಿಂಟ್ ಫೋಟೋಗ್ರಾಫಿಕ್ ಎಕ್ಸ್‌ಪರ್ಟ್ಸ್ ಗ್ರೂಪ್’ ಎಂಬ ಪರಿಣತರ ಸಮಿತಿಯ ಹೆಸರಿನಿಂದ ಬಂದದ್ದು. 1992ರಲ್ಲಿ ಮಾನಕವಾಗಿ ಒಪ್ಪಿಗೆ ಪಡೆಯಿತು. ಚಿತ್ರವನ್ನು 8×8 ಚುಕ್ಕೆಗಳ ಚಿಕ್ಕ ಚಿಕ್ಕ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಗೊತ್ತಾಗದ ವಿವರಗಳನ್ನು ಬಿಟ್ಟು ಗಾತ್ರ ಇಳಿಸುತ್ತದೆ. ಪದರಗಳಿಲ್ಲ, ಪಾರದರ್ಶಕ ಹಿನ್ನೆಲೆ ಇಲ್ಲ.

ಪಿಎನ್‌ಜಿ: 1996ರಲ್ಲಿ ಬಂದದ್ದು. ವಿವರ ಕಳೆಯದೆ ಉಳಿಸುತ್ತದೆ, ಪಾರದರ್ಶಕ ಹಿನ್ನೆಲೆಯನ್ನೂ ಉಳಿಸುತ್ತದೆ. ಫೋಟೋಗಳ ಮಟ್ಟಿಗೆ ಗಾತ್ರ ದೊಡ್ಡದಾಗುತ್ತದೆ. ಮುದ್ರಣದ ಸಿಎಂವೈಕೆ ಬಣ್ಣಕ್ರಮಕ್ಕೆ ಇದರಲ್ಲಿ ಜಾಗವೇ ಇಲ್ಲ.

ಗಿಫ್: 1987ರದು. ಒಂದು ಚಿತ್ರದಲ್ಲಿ 256 ಬಣ್ಣ ಮಾತ್ರ.

ವೆಬ್‌ಪಿ: ಗೂಗಲ್ 2010ರಲ್ಲಿ ತಂದದ್ದು. ವಾಟ್ಸ್‌ಆ್ಯಪ್ ಸ್ಟಿಕ್ಕರ್‌ಗಳು ಇದೇ ಫಾರ್ಮ್ಯಾಟ್‌ನಲ್ಲಿರುತ್ತವೆ.

ಹೀಕ್: 2017ರ ಐಒಎಸ್ 11ರಿಂದ ಐಫೋನ್ ಕ್ಯಾಮೆರಾ ಬಳಸುವ ಫಾರ್ಮ್ಯಾಟ್. ಕಡಿಮೆ ಜಾಗದಲ್ಲಿ ಒಳ್ಳೆಯ ಗುಣಮಟ್ಟ ಸಿಗುತ್ತದೆ. ಆದರೆ ಎಷ್ಟೋ ಅರ್ಜಿ ಪೋರ್ಟಲ್‌ಗಳು ಇದನ್ನು ತೆಗೆದುಕೊಳ್ಳುವುದಿಲ್ಲ.

ಪಿಎಸ್‌ಡಿ: ಫೋಟೋಶಾಪ್‌ನ ಸ್ವಂತ ಫಾರ್ಮ್ಯಾಟ್. ಪದರ, ಅಕ್ಷರ, ಮುಖವಾಡ ಎಲ್ಲವನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ.

ಪಟ್ಟಿಯಿಂದ ಫಾರ್ಮ್ಯಾಟ್ ಮಾಯವಾಗಲು ಐದು ಕಾರಣ

1. ಚಿತ್ರದಲ್ಲಿ ಪದರಗಳಿವೆ

ಅತಿ ಸಾಮಾನ್ಯ ಕಾರಣ ಇದು. ಫೋಟೋದ ಮೇಲೆ ಹೆಸರು, ದಿನಾಂಕ ಬರೆದರೆ ಅದು ಹೊಸ ಪದರ. ಹಿನ್ನೆಲೆ ಬದಲಿಸಿದರೆ ಇನ್ನೊಂದು ಪದರ. ಮೊದಲಿನ ಫೋಟೋಶಾಪ್ ಇಂಥ ಚಿತ್ರಕ್ಕೂ ‘ಸೇವ್ ಆ್ಯಸ್’ ಪಟ್ಟಿಯಲ್ಲಿ ಜೆಪಿಜಿ ತೋರಿಸಿ, ಪದರಗಳನ್ನು ಕೂಡಿಸಿ ಒಂದು ನಕಲು ಮಾಡಿ ಕೊಡುತ್ತಿತ್ತು. 2021ರಲ್ಲಿ ಬಂದ 22.4 ಆವೃತ್ತಿಯಲ್ಲಿ ಇದು ಬದಲಾಯಿತು. ಚಿತ್ರದಲ್ಲಿರುವುದನ್ನೆಲ್ಲ ಉಳಿಸಬಲ್ಲ ಫಾರ್ಮ್ಯಾಟ್‌ಗಳು ‘ಸೇವ್ ಆ್ಯಸ್’ನಲ್ಲಿ, ಏನಾದರೂ ಬಿಟ್ಟುಕೊಡಬೇಕಾದವು ‘ಸೇವ್ ಎ ಕಾಪಿ’ಯಲ್ಲಿ ಎಂದು ಎರಡು ಪಾಲಾಯಿತು. ಹಳೆಯ ರೂಢಿಯವರಿಗೆ ಜೆಪಿಜಿ ಕಳೆದುಹೋದಂತೆ ಕಂಡದ್ದು ಇದರಿಂದಲೇ.

ಪರಿಹಾರ: ‘ಫೈಲ್’ ಮೆನುವಿನ ‘ಸೇವ್ ಎ ಕಾಪಿ’ ಬಳಸಿ. ಇಲ್ಲವೇ ‘ಫೈಲ್’, ‘ಎಕ್ಸ್‌ಪೋರ್ಟ್’, ‘ಎಕ್ಸ್‌ಪೋರ್ಟ್ ಆ್ಯಸ್’ ಹಾದಿ ಹಿಡಿಯಿರಿ. ಹಳೆಯ ಕ್ರಮವೇ ಬೇಕು ಎನ್ನುವವರಿಗೆ ವಿಂಡೋಸ್‌ನಲ್ಲಿ ‘ಎಡಿಟ್’, ‘ಪ್ರಿಫರೆನ್ಸಸ್’, ‘ಫೈಲ್ ಹ್ಯಾಂಡ್ಲಿಂಗ್’ ಒಳಗೆ ‘ಎನೇಬಲ್ ಲೆಗಸಿ ಸೇವ್ ಆ್ಯಸ್’ ಎಂಬ ಚೌಕವಿದೆ. ಅದಕ್ಕೆ ಗುರುತು ಹಾಕಿದರೆ ಹಳೆಯ ಪಟ್ಟಿ ಮರಳುತ್ತದೆ.

2. ಬಿಟ್ ಲೆಕ್ಕ ಹೆಚ್ಚಾಗಿದೆ

ಪರದೆಯ ಬಣ್ಣಗಳು ಕೆಂಪು, ಹಸಿರು, ನೀಲಿ ಎಂಬ ಮೂರರ ಬೆರಕೆ. 8 ಬಿಟ್ ಚಿತ್ರದಲ್ಲಿ ಒಂದೊಂದಕ್ಕೂ 256 ಛಾಯೆಗಳು. ಮೂರೂ ಸೇರಿದರೆ 1,67,77,216 ಬಣ್ಣಗಳು. ನಾವು ದಿನವೂ ಬಳಸುವ ಜೆಪಿಜಿಯ ಲೆಕ್ಕ ಇದೇ. ತಿದ್ದುವ ಸಾಫ್ಟ್‌ವೇರ್‌ನಲ್ಲಿ 16 ಬಿಟ್, 32 ಬಿಟ್ ಚಿತ್ರಗಳೂ ಇರಬಹುದು. ಹೊಸ ಕಡತ ತೆರೆಯುವಾಗ ಯಾರೋ 32 ಎಂದು ಆರಿಸಿಟ್ಟಿದ್ದರೆ ಜೆಪಿಜಿ, ಪಿಎನ್‌ಜಿ ಎರಡೂ ಪಟ್ಟಿಯಿಂದ ಇಲ್ಲವಾಗುತ್ತವೆ. ಹಲವರು ಒಂದೇ ಯಂತ್ರ ಬಳಸುವ ಕಂಪ್ಯೂಟರ್ ಸೆಂಟರ್‌ಗಳಲ್ಲಿ ಇದನ್ನು ಮರೆಯದೆ ನೋಡಬೇಕು.

ಪರಿಹಾರ: ‘ಇಮೇಜ್’, ‘ಮೋಡ್’ ಒತ್ತಿ ‘8 ಬಿಟ್ಸ್ ಪರ್ ಚಾನೆಲ್’ ಆರಿಸಿ. 32ರಿಂದ ಇಳಿಸುವಾಗ ‘ಎಚ್‌ಡಿಆರ್ ಟೋನಿಂಗ್’ ಎಂಬ ಕಿಟಕಿ ತೆರೆದುಕೊಳ್ಳಬಹುದು. ಬೆಳಕು ಸರಿ ಕಾಣುವಂತೆ ಹೊಂದಿಸಿ ‘ಓಕೆ’ ಒತ್ತಿ.

3. ಬಣ್ಣದ ಮೋಡ್ ಮುದ್ರಣದ್ದು

ಪಿಎನ್‌ಜಿ ಕಾಣದಿದ್ದರೆ ಮೊದಲು ನೋಡಬೇಕಾದ ಜಾಗ ಇದು. ಮುದ್ರಣ ಯಂತ್ರಕ್ಕೆ ಬೇಕಾದದ್ದು ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಲೆಕ್ಕ. ಅದೇ ಸಿಎಂವೈಕೆ. ಫೋನಿನ ಪರದೆಗೆ ಬೇಕಾದದ್ದು ಆರ್‌ಜಿಬಿ. ಕರದಂಟಿನ ಡಬ್ಬಿಯ ಚೀಟಿ, ಮದುವೆ ಕಾರ್ಡು, ಕರಪತ್ರ ಇವುಗಳನ್ನು ಡಿಟಿಪಿ ಅಂಗಡಿಯಲ್ಲಿ ಸಿಎಂವೈಕೆ ಮೋಡ್‌ನಲ್ಲಿ ಮಾಡಿರುತ್ತಾರೆ. ಅದೇ ವಿನ್ಯಾಸವನ್ನು ವಾಟ್ಸ್‌ಆ್ಯಪ್‌ಗೆ ಪಿಎನ್‌ಜಿ ಮಾಡಿಕೊಡಿ ಎಂದರೆ ಪಟ್ಟಿಯಲ್ಲಿ ಆ ಹೆಸರೇ ಇರುವುದಿಲ್ಲ.

ಪರಿಹಾರ: ಮೊದಲು ಕಡತದ ಒಂದು ನಕಲು ಮಾಡಿಕೊಳ್ಳಿ. ನಕಲಿನಲ್ಲಿ ‘ಇಮೇಜ್’, ‘ಮೋಡ್’, ‘ಆರ್‌ಜಿಬಿ ಕಲರ್’ ಆರಿಸಿ. ಈಗ ಪಿಎನ್‌ಜಿ ಕಾಣುತ್ತದೆ.

ಮುದ್ರಣಕ್ಕೆ ಕೊಡುವ ಮೂಲ ಕಡತವನ್ನು ಹಾಗೇ ಬಿಡಿ. ಪರದೆಯಲ್ಲಿ ಕಾಣುವ ಎಷ್ಟೋ ಕಡು ಬಣ್ಣಗಳನ್ನು ಶಾಯಿಯಲ್ಲಿ ತರಲಾಗುವುದಿಲ್ಲ. ಇಳಕಲ್ ಸೀರೆಯ ಟೋಪ ತೆನಿ ಸೆರಗಿನ ಕೆಂಪು ಫೋನಿನಲ್ಲಿ ಉರಿಯುವಂತೆ ಕಂಡು ಕರಪತ್ರದಲ್ಲಿ ಮಂಕಾಗುವುದಕ್ಕೆ ಇದೇ ಕಾರಣ. ಸೀರೆಯನ್ನು ಸಿಎಂವೈಕೆಗೆ ತಂದು ಮತ್ತೆ ಆರ್‌ಜಿಬಿಗೆ ಒಯ್ದರೆ ಕಳೆದ ಹೊಳಪು ಮರಳುವುದಿಲ್ಲ. ಇಳಕಲ್, ಸೂಳೇಭಾವಿ ಕಡೆಯಿಂದ ಸೀರೆಯ ಚಿತ್ರ ಕಳಿಸಿ ಮಾರುವವರಿಗೆ ಇದು ಸಣ್ಣ ವಿಷಯವಲ್ಲ. ಕೊಳ್ಳುವವರು ಬಣ್ಣ ನೋಡಿಯೇ ಬೇಕು, ಬೇಡ ಎನ್ನುತ್ತಾರೆ. ಆದ್ದರಿಂದ ಫೋನಿನಲ್ಲಿ ಕಳಿಸಲು ಮೂಲ ಫೋಟೋವನ್ನೇ ಬಳಸಿ, ಮುದ್ರಣದ ಕಡತದಿಂದ ಮತ್ತೆ ತೆಗೆಯಬೇಡಿ.

ಸಿಎಂವೈಕೆ ಚಿತ್ರವನ್ನು ಜೆಪಿಜಿ ಮಾಡಲು ಫೋಟೋಶಾಪ್ ಒಪ್ಪುತ್ತದೆ. ಆದರೆ ಅಂಥ ಜೆಪಿಜಿ ಕೆಲವು ಆ್ಯಪ್‌ಗಳಲ್ಲಿ ವಿಚಿತ್ರ ಬಣ್ಣದಲ್ಲಿ ತೆರೆದುಕೊಳ್ಳಬಹುದು. ಅರ್ಜಿಗೆ ಹಾಕುವ ಫೋಟೋ ಯಾವಾಗಲೂ ಆರ್‌ಜಿಬಿಯಲ್ಲೇ ಇರಲಿ.

4. ಚಿತ್ರ ‘ಇಂಡೆಕ್ಸ್ಡ್’ ಅಥವಾ ‘ಬಿಟ್‌ಮ್ಯಾಪ್’ ಮೋಡ್‌ನಲ್ಲಿದೆ

ಗಿಫ್ ಚಿತ್ರ ತೆರೆದರೆ ಅದು ‘ಇಂಡೆಕ್ಸ್ಡ್ ಕಲರ್’ ಮೋಡ್‌ನಲ್ಲಿ ತೆರೆದುಕೊಳ್ಳುತ್ತದೆ. ಸ್ಕ್ಯಾನರ್‌ನಲ್ಲಿ ‘ಕಪ್ಪು ಬಿಳುಪು’ ಎಂದು ಆರಿಸಿ ತೆಗೆದ ಸಹಿ ಬರೀ ಕಪ್ಪು ಮತ್ತು ಬಿಳಿ ಚುಕ್ಕೆಗಳ ‘ಬಿಟ್‌ಮ್ಯಾಪ್’ ಆಗಿರಬಹುದು. ಇವೆರಡಕ್ಕೂ ಜೆಪಿಜಿ ಪಟ್ಟಿಯಲ್ಲಿ ಬರುವುದಿಲ್ಲ.

ಪರಿಹಾರ: ಇಂಡೆಕ್ಸ್ಡ್ ಇದ್ದರೆ ನೇರ ‘ಆರ್‌ಜಿಬಿ ಕಲರ್’ ಮಾಡಿ. ಬಿಟ್‌ಮ್ಯಾಪ್ ಇದ್ದರೆ ಮೊದಲು ‘ಗ್ರೇಸ್ಕೇಲ್’, ಆಮೇಲೆ ‘ಆರ್‌ಜಿಬಿ ಕಲರ್’.

5. ಚಿತ್ರದ ಅಳತೆ ಮಿತಿ ಮೀರಿದೆ

ಪ್ರತಿ ಫಾರ್ಮ್ಯಾಟಿಗೂ ಉದ್ದ ಅಗಲದ ಗರಿಷ್ಠ ಮಿತಿ ಇದೆ. ವೆಬ್‌ಪಿಗೆ ಒಂದು ಬದಿ 16,383 ಪಿಕ್ಸೆಲ್. ಪಿಎಸ್‌ಡಿಗೆ 30,000. ಜೆಪಿಜಿಗೆ 65,535. ಫೋಟೋಶಾಪ್‌ನ ದೊಡ್ಡ ಕಡತಗಳಿಗಾಗಿ ಇರುವ ಪಿಎಸ್‌ಬಿಗೆ 3,00,000.

ಇಷ್ಟು ದೊಡ್ಡ ಚಿತ್ರ ಯಾರು ಮಾಡುತ್ತಾರೆ ಎನ್ನಬೇಡಿ. ಜಾತ್ರೆಗೋ ಸಂತೆಗೋ 20 ಅಡಿ ಉದ್ದ, 10 ಅಡಿ ಎತ್ತರದ ಬ್ಯಾನರ್ ಮಾಡುವಾಗ ಇಂಚಿಗೆ 300 ಪಿಕ್ಸೆಲ್ ಎಂದು ಇಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ: 20 ಅಡಿ ಅಂದರೆ 240 ಇಂಚು. 240×300 = 72,000 ಪಿಕ್ಸೆಲ್. ಜೆಪಿಜಿಯ ಮಿತಿ ಅಲ್ಲಿಗೇ ದಾಟಿತು. ಒಟ್ಟು ಸುಮಾರು 259 ಕೋಟಿ ಪಿಕ್ಸೆಲ್ ಆಗಿ, ಪದರ ಇಲ್ಲದಿದ್ದರೂ ಕಂಪ್ಯೂಟರಿನ ನೆನಪಿನಲ್ಲಿ 777 ಕೋಟಿ ಬೈಟ್‌ಗೂ ಹೆಚ್ಚು ಜಾಗ ಬೇಡುತ್ತದೆ.

ಪರಿಹಾರ: ದೂರದಿಂದ ನೋಡುವ ಬ್ಯಾನರ್‌ಗೆ ಇಂಚಿಗೆ 300 ಬೇಕಿಲ್ಲ. ‘ಇಮೇಜ್ ಸೈಜ್’ನಲ್ಲಿ 72ಕ್ಕೆ ಇಳಿಸಿದರೆ ಅದೇ ಬ್ಯಾನರ್ 17,280×8,640 ಪಿಕ್ಸೆಲ್ ಆಗುತ್ತದೆ. ಜೆಪಿಜಿ, ಪಿಎಸ್‌ಡಿ ಎರಡೂ ಮರಳುತ್ತವೆ. ಎಷ್ಟು ಸಾಕು ಎಂಬುದನ್ನು ಮುದ್ರಿಸುವವರನ್ನು ಕೇಳಿ ಗೊತ್ತುಮಾಡಿಕೊಳ್ಳಿ.

ಬೇರೆ ಸಾಫ್ಟ್‌ವೇರ್‌ಗಳಲ್ಲಿ ಎಲ್ಲಿ ಹುಡುಕಬೇಕು?

ಗಿಂಪ್: ಉಚಿತವಾಗಿ ಸಿಗುವ ಈ ಸಾಫ್ಟ್‌ವೇರ್‌ನಲ್ಲಿ 2012ರ 2.8 ಆವೃತ್ತಿಯಿಂದ ‘ಸೇವ್’ ಎಂದರೆ ಅದರ ಸ್ವಂತ ಎಕ್ಸ್‌ಸಿಎಫ್ ಮಾತ್ರ. ಜೆಪಿಜಿ, ಪಿಎನ್‌ಜಿ ಬೇಕಾದರೆ ‘ಫೈಲ್’, ‘ಎಕ್ಸ್‌ಪೋರ್ಟ್ ಆ್ಯಸ್’. ಕೀಲಿಮಣೆಯಲ್ಲಿ ಕಂಟ್ರೋಲ್, ಶಿಫ್ಟ್, ಇ ಮೂರನ್ನೂ ಒಟ್ಟಿಗೆ ಒತ್ತಬಹುದು. ಅಲ್ಲಿ ಹೆಸರಿನ ಕೊನೆಗೆ ಡಾಟ್ ಜೆಪಿಜಿ ಎಂದು ಬರೆದರೆ ಗಿಂಪ್ ನಿಜವಾಗಿಯೂ ಜೆಪಿಜಿಗೆ ಬದಲಿಸಿಯೇ ಕೊಡುತ್ತದೆ.

ಕೋರೆಲ್‌ಡ್ರಾ: ಡಿಟಿಪಿ ಅಂಗಡಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಇದು ರೇಖಾಚಿತ್ರದ ಸಾಫ್ಟ್‌ವೇರ್. ಜೆಪಿಜಿಗಾಗಿ ‘ಸೇವ್ ಆ್ಯಸ್’ ಬಿಟ್ಟು ‘ಎಕ್ಸ್‌ಪೋರ್ಟ್’ ನೋಡಿ. ಕಂಟ್ರೋಲ್ ಮತ್ತು ಇ ಒತ್ತಿದರೂ ಆಯಿತು.

ಕ್ಯಾನ್ವಾ: ‘ಡೌನ್‌ಲೋಡ್’ ಒತ್ತಿದ ಮೇಲೆ ಬರುವ ‘ಫೈಲ್ ಟೈಪ್’ ಪಟ್ಟಿಯಲ್ಲಿ ಜೆಪಿಜಿ, ಪಿಎನ್‌ಜಿ ಉಚಿತ. ಪಾರದರ್ಶಕ ಹಿನ್ನೆಲೆ, ಎಸ್‌ವಿಜಿ ಮುಂತಾದವು ಹಣ ಕೊಟ್ಟವರಿಗೆ ಮಾತ್ರ. ‘ಅವಧಿ ಮುಗಿದಿದೆ’ ಎಂಬ ಮಾತಿಗೆ ಸ್ವಲ್ಪವಾದರೂ ಅರ್ಥ ಬರುವುದು ಇಂಥ ಕಡೆ. ಜೆಪಿಜಿಗೆ ಮಾತ್ರ ಅದು ಅನ್ವಯಿಸುವುದಿಲ್ಲ.

ಫೋಟೋಪಿಯಾ: ಬ್ರೌಸರ್‌ನಲ್ಲೇ ನಡೆಯುತ್ತದೆ, ಪಿಎಸ್‌ಡಿಯನ್ನೂ ತೆರೆಯುತ್ತದೆ. ‘ಫೈಲ್’, ‘ಎಕ್ಸ್‌ಪೋರ್ಟ್ ಆ್ಯಸ್’, ‘ಜೆಪಿಜಿ’.

ಫೋಟೋಶಾಪ್ ಮತ್ತು ವೆಬ್‌ಪಿ: 2022ರ 23.2 ಆವೃತ್ತಿಗೆ ಮೊದಲಿನ ಫೋಟೋಶಾಪ್‌ಗೆ ವೆಬ್‌ಪಿ ತಾನಾಗಿ ಬರುತ್ತಿರಲಿಲ್ಲ, ಪ್ಲಗಿನ್ ಹಾಕಬೇಕಿತ್ತು. ಹಳೆಯ ಆವೃತ್ತಿಯಲ್ಲಿ ಆ ಹೆಸರು ಕಾಣದಿದ್ದರೆ ಅದು ದೋಷವಲ್ಲ, ವಯಸ್ಸು.

ಫೋನಿನಿಂದ ಬರುವ ತೊಡಕು

ಐಫೋನ್‌ನಲ್ಲಿ ತೆಗೆದ ಫೋಟೋವನ್ನು ಪೋರ್ಟಲ್ ತಿರಸ್ಕರಿಸಿದರೆ ಅದು ಹೀಕ್ ಆಗಿರಬಹುದು. ‘ಸೆಟ್ಟಿಂಗ್ಸ್’, ‘ಕ್ಯಾಮೆರಾ’, ‘ಫಾರ್ಮ್ಯಾಟ್ಸ್’ ಒಳಗೆ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದಿನ ಫೋಟೋಗಳು ಜೆಪಿಜಿಯಾಗಿ ಬರುತ್ತವೆ. ಈಗಾಗಲೇ ತೆಗೆದದ್ದಕ್ಕೆ: ಫೋಟೋವನ್ನು ‘ಫೈಲ್ಸ್’ ಆ್ಯಪ್‌ನಲ್ಲಿ ಉಳಿಸಿ, ಅದರ ಮೇಲೆ ಬೆರಳು ಒತ್ತಿ ಹಿಡಿದು, ‘ಕ್ವಿಕ್ ಆ್ಯಕ್ಷನ್ಸ್’ನಲ್ಲಿ ‘ಕನ್ವರ್ಟ್ ಇಮೇಜ್’ ಒತ್ತಿ. ಐಒಎಸ್ 16 ಮತ್ತು ಮುಂದಿನ ಆವೃತ್ತಿಗಳಲ್ಲಿ ಇದು ಸಿಗುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ಕ್ಯಾಮೆರಾ ಸೆಟ್ಟಿಂಗ್ ಒಳಗಿನ ‘ಹೈ ಎಫಿಶಿಯನ್ಸಿ ಪಿಕ್ಚರ್ಸ್’ ಆಫ್ ಮಾಡಿ.

ಕಂಪ್ಯೂಟರ್ ಸೆಂಟರ್‌ಗೆ ಫೋಟೋ ಕಳಿಸುವಾಗ ಒಂದು ಸೂಕ್ಷ್ಮ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಗಾತ್ರ ಕುಗ್ಗಿ ಜೆಪಿಜಿಯಾಗಿ ಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಗುಣಮಟ್ಟ ಕುಂದದೆ ಹೋಗುತ್ತದೆ, ಆದರೆ ಹೀಕ್ ಇದ್ದರೆ ಹೀಕ್ ಆಗಿಯೇ ತಲುಪುತ್ತದೆ. ಮುಖದ ಫೋಟೋ ಅರ್ಜಿಗೆ ಬೇಕಾದ ಅಳತೆಗೆ ಮೊದಲ ದಾರಿ ಸಾಕಾಗುತ್ತದೆ. ಸೀರೆಯ ನೇಯ್ಗೆ ತೋರಿಸಬೇಕಾದಾಗ, ಮುದ್ರಣಕ್ಕೆ ಕೊಡುವಾಗ ಎರಡನೆಯದು ಒಳ್ಳೆಯದು.

ಹೆಸರು ಬದಲಿಸಿದರೆ ಸಾಕಾಗುವ ಒಂದೇ ಒಂದು ಪ್ರಸಂಗ

ವಿಂಡೋಸ್ ಕಂಪ್ಯೂಟರಿನಲ್ಲಿ ಬ್ರೌಸರ್‌ನಿಂದ ಉಳಿಸಿದ ಚಿತ್ರ ಕೆಲವೊಮ್ಮೆ ಡಾಟ್ ಜೆಎಫ್‌ಐಎಫ್ ಎಂದು ಕೊನೆಗೊಳ್ಳುತ್ತದೆ. ಪೋರ್ಟಲ್ ಅದನ್ನು ಬೇಡ ಎನ್ನುತ್ತದೆ. ಆದರೆ ಅದರೊಳಗಿರುವುದು ಜೆಪಿಜಿಯೇ. ಇಲ್ಲಿ ತಪ್ಪಿರುವುದು ಚೀಟಿ ಮಾತ್ರ, ತಿನಿಸಲ್ಲ. ಕೊನೆಯ ಅಕ್ಷರಗಳನ್ನು ಜೆಪಿಜಿ ಎಂದು ಬದಲಿಸಿದರೆ ಸಾಕು. ಹಾಗೆಯೇ ಜೆಪಿಇಜಿ ಮತ್ತು ಜೆಪಿಜಿ ಎರಡೂ ಒಂದೇ. ಹಳೆಯ ಡಾಸ್ ಮತ್ತು ವಿಂಡೋಸ್‌ಗಳಲ್ಲಿ ಮೂರು ಅಕ್ಷರಕ್ಕಷ್ಟೇ ಅವಕಾಶವಿದ್ದುದರಿಂದ ಚಿಕ್ಕ ರೂಪ ಬಳಕೆಗೆ ಬಂತು.

ಹೀಕ್, ವೆಬ್‌ಪಿ, ಪಿಎನ್‌ಜಿ, ಪಿಎಸ್‌ಡಿಗಳಿಗೆ ಈ ಉಪಾಯ ನಡೆಯುವುದಿಲ್ಲ. ಹೆಸರು ಬದಲಿಸಿದ ಪಿಎನ್‌ಜಿ ನಿಮ್ಮ ಫೋನಿನಲ್ಲಿ ತೆರೆದುಕೊಳ್ಳಲೂಬಹುದು, ಏಕೆಂದರೆ ಎಷ್ಟೋ ಆ್ಯಪ್‌ಗಳು ಚೀಟಿ ನೋಡದೆ ಒಳಗಿನದನ್ನೇ ನೋಡುತ್ತವೆ. ‘ನನಗೆ ತೆರೆಯಿತಲ್ಲ’ ಎಂದು ನಂಬಿ ಪೋರ್ಟಲ್‌ಗೆ ಹಾಕಿದರೆ, ಅದು ಒಳಗಿನದನ್ನು ಪರೀಕ್ಷಿಸಿ ತಳ್ಳಿಹಾಕಬಹುದು. ಮೋಸ ಹೋಗುವುದು ಇಲ್ಲೇ.

ನಿಜವಾದ ಫಾರ್ಮ್ಯಾಟ್ ಪತ್ತೆ ಹಚ್ಚುವುದು ಹೇಗೆ?

ವಿಂಡೋಸ್ ಮಾಮೂಲಾಗಿ ಫೈಲಿನ ಕೊನೆಯ ಅಕ್ಷರಗಳನ್ನು ಮುಚ್ಚಿಡುತ್ತದೆ. ಹೀಗಾಗಿ ‘ಫೋಟೋ ಡಾಟ್ ಜೆಪಿಜಿ’ ಎಂದಷ್ಟೇ ಕಾಣುವ ಕಡತದ ಪೂರ್ತಿ ಹೆಸರು ‘ಫೋಟೋ ಡಾಟ್ ಜೆಪಿಜಿ ಡಾಟ್ ಪಿಎನ್‌ಜಿ’ ಆಗಿರಬಹುದು. ವಿಂಡೋಸ್ 11ರಲ್ಲಿ ಫೋಲ್ಡರ್ ತೆರೆದು ‘ವ್ಯೂ’, ‘ಶೋ’, ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಒತ್ತಿ.

ಇನ್ನೂ ಅನುಮಾನವಿದ್ದರೆ ಚಿತ್ರದ ಒಂದು ನಕಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಅರ್ಥವಾಗದ ಚಿಹ್ನೆಗಳ ರಾಶಿ ಕಾಣುತ್ತದೆ. ಮೊದಲ ಸಾಲನ್ನಷ್ಟೇ ನೋಡಿ. ಅಲ್ಲಿ ಇಂಗ್ಲಿಷಿನಲ್ಲಿ ಪಿಎನ್‌ಜಿ ಎಂದಿದ್ದರೆ ಪಿಎನ್‌ಜಿ. ಜೆಎಫ್‌ಐಎಫ್ ಅಥವಾ ಎಕ್ಸಿಫ್ ಎಂದಿದ್ದರೆ ಬಹುಪಾಲು ಜೆಪಿಜಿ. ಆರ್‌ಐಎಫ್‌ಎಫ್, ಅದರ ಹಿಂದೆಯೇ ವೆಬ್‌ಪಿ ಎಂದಿದ್ದರೆ ವೆಬ್‌ಪಿ. ಹೀಕ್ ಎಂಬ ನಾಲ್ಕಕ್ಷರ ಕಂಡರೆ ಹೀಕ್. ಏನನ್ನೂ ಉಳಿಸದೆ ಮುಚ್ಚಿ, ಉಳಿಸಿದರೆ ಆ ಕಡತ ಕೆಡುತ್ತದೆ. ಪೋರ್ಟಲ್‌ಗಳು ಮಾಡುವ ತಪಾಸಣೆಯೂ ಬಹುಮಟ್ಟಿಗೆ ಇಂಥದ್ದೇ.

ಅರ್ಜಿಗೆ ಫೋಟೋ ಸಿದ್ಧಪಡಿಸುವ ಕ್ರಮ

1. ಪ್ರಕಟಣೆಯಲ್ಲಿ ಫಾರ್ಮ್ಯಾಟ್, ಅಳತೆ, ಕೆಬಿ ಮೂರನ್ನೂ ಓದಿ. ಅರ್ಜಿಯಿಂದ ಅರ್ಜಿಗೆ ಬೇರೆ ಇರುತ್ತದೆ. ಹಳೆಯ ಫಾರ್ವರ್ಡ್‌ನ ಅಂಕಿ ನಂಬಬೇಡಿ.

2. ಪಿಎಸ್‌ಡಿ ಆಗಿ ಒಂದು ಮೂಲ ಪ್ರತಿ ಉಳಿಸಿಕೊಳ್ಳಿ. ನಾಳೆ ತಿದ್ದಬೇಕಾದರೆ ಅದೇ ಗತಿ.

3. ಮೋಡ್ ಆರ್‌ಜಿಬಿ, 8 ಬಿಟ್ ಇದೆಯೇ ನೋಡಿ.

4. ಮೊದಲು ಪಿಕ್ಸೆಲ್ ಅಳತೆ ಇಳಿಸಿ. 3.5×4.5 ಸೆಂ.ಮೀ. ಪಾಸ್‌ಪೋರ್ಟ್ ಫೋಟೋಗೆ ಇಂಚಿಗೆ 300ರಂತೆ 413×531 ಪಿಕ್ಸೆಲ್ ಸಾಕು. ಫೋನಿನ ಫೋಟೋ ಸಾಮಾನ್ಯವಾಗಿ 4,000×3,000 ಇರುತ್ತದೆ. ಅದನ್ನು ಹಾಗೇ ಇಟ್ಟು ಬರೀ ‘ಕ್ವಾಲಿಟಿ’ ಇಳಿಸಿದರೆ ಮುಖ ಚೌಕಚೌಕವಾಗಿ ಕಾಣುತ್ತದೆ, ಕೆಬಿ ಮಾತ್ರ ಇಳಿಯದೆ ಸತಾಯಿಸುತ್ತದೆ.

5. ‘ಸೇವ್ ಎ ಕಾಪಿ’ ಅಥವಾ ‘ಎಕ್ಸ್‌ಪೋರ್ಟ್ ಆ್ಯಸ್’ನಲ್ಲಿ ಜೆಪಿಜಿ ಆರಿಸಿ, ಬೇಕಾದ ಕೆಬಿ ಬರುವವರೆಗೆ ಗುಣಮಟ್ಟ ಹೊಂದಿಸಿ.

6. ಸಹಿಯ ಹಿನ್ನೆಲೆ ಪಾರದರ್ಶಕವಾಗಿದ್ದರೆ ಕೆಳಗೊಂದು ಬಿಳಿ ಪದರ ಹಾಕಿ. ಜೆಪಿಜಿಯಲ್ಲಿ ಪಾರದರ್ಶಕತೆ ಇಲ್ಲದ ಕಾರಣ ಕೆಲವು ಆ್ಯಪ್‌ಗಳು ಆ ಜಾಗಕ್ಕೆ ಕಪ್ಪು ತುಂಬುತ್ತವೆ. ಕಪ್ಪು ಸಹಿ ಕಪ್ಪಿನಲ್ಲೇ ಮುಳುಗುತ್ತದೆ.

7. ಕಳಿಸುವ ಮುನ್ನ ಆ ಜೆಪಿಜಿಯನ್ನು ಒಮ್ಮೆ ತೆರೆದು ನೋಡಿ.

‘ಉಚಿತ ಕನ್ವರ್ಟರ್’ ಲಿಂಕ್‌ಗಳ ಬಗ್ಗೆ ಎಚ್ಚರ

ಆತುರದಲ್ಲಿ ಸಿಕ್ಕ ತಾಣಕ್ಕೆ ಆಧಾರ್, ಅಂಕಪಟ್ಟಿ, ಸಹಿಗಳನ್ನು ಏರಿಸುವುದು ದಿನವೂ ನಡೆಯುತ್ತಿದೆ. ಫೈಲ್ ಬದಲಿಸಿಕೊಡುವ ಉಚಿತ ತಾಣಗಳ ಹೆಸರಿನಲ್ಲಿ ಕಂಪ್ಯೂಟರಿಗೆ ಕೆಟ್ಟ ತಂತ್ರಾಂಶ ತುಂಬುವ, ಏರಿಸಿದ ಕಡತಗಳಿಂದ ವೈಯಕ್ತಿಕ ಮಾಹಿತಿ ಕದಿಯುವ ವಂಚನೆಯ ಬಗ್ಗೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಡೆನ್ವರ್ ಕಚೇರಿ 2025ರ ಮಾರ್ಚ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಎಲ್ಲ ತಾಣಗಳೂ ಕೆಟ್ಟವಲ್ಲ. ಆದರೆ ಯಾವುದು ಎಂಥದು ಎಂದು ಹೊರಗಿನಿಂದ ತಿಳಿಯುವುದಿಲ್ಲ. ನಿಮ್ಮ ಗುರುತು ಮತ್ತು ಸಹಿ ಒಟ್ಟಿಗೇ ಬೇರೆಯವರ ಕೈಗೆ ಹೋಗುತ್ತದೆ ಎಂಬುದು ನೆನಪಿರಲಿ.

ವಿಂಡೋಸ್‌ನ ಪೇಂಟ್‌ನಲ್ಲೇ ಪಿಎನ್‌ಜಿಯನ್ನು ತೆರೆದು ‘ಸೇವ್ ಆ್ಯಸ್’ ಮೂಲಕ ಜೆಪಿಜಿ ಮಾಡಬಹುದು. ಇದಕ್ಕೆ ಇಂಟರ್‌ನೆಟ್ ಬೇಡ, ಹಣ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಬಂದ ‘ಕನ್ವರ್ಟರ್’ ಎಪಿಕೆ ಕಡತವನ್ನಂತೂ ಫೋನಿಗೆ ಹಾಕಲೇಬೇಡಿ. ಹಾಕಿ ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಸಾಮಾನ್ಯ ಪ್ರಶ್ನೆಗಳು

ವೈರಸ್ ಬಂದರೆ ಜೆಪಿಜಿ ಮಾಯವಾಗುತ್ತದೆಯೇ?
ಉಳಿದ ಫಾರ್ಮ್ಯಾಟ್‌ಗಳು ಕಾಣುತ್ತಿದ್ದು ಜೆಪಿಜಿ ಒಂದೇ ಇಲ್ಲ ಎಂದರೆ ವೈರಸ್ ಮೇಲೆ ಅನುಮಾನ ಪಡುವ ಅಗತ್ಯವಿಲ್ಲ. ಹೊಸದೊಂದು ಸಾದಾ ಫೋಟೋ ತೆರೆದು ‘ಸೇವ್ ಆ್ಯಸ್’ ಒತ್ತಿ ನೋಡಿ. ಅಲ್ಲಿ ಜೆಪಿಜಿ ಕಂಡರೆ ಸಾಫ್ಟ್‌ವೇರ್ ಸರಿಯಾಗಿದೆ, ವಿಷಯ ಇರುವುದು ಚಿತ್ರದಲ್ಲಿ.

ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆಯೇ?
ಮೇಲಿನ ಐದೂ ಕಾರಣಗಳಿಗೆ ಇದರಿಂದ ಉಪಯೋಗವಿಲ್ಲ. ಅದೇ ಚಿತ್ರ ತೆರೆದರೆ ಅದೇ ಪಟ್ಟಿ ಬರುತ್ತದೆ.

ಜೆಪಿಜಿಯನ್ನು ಪಿಎನ್‌ಜಿ ಮಾಡಿದರೆ ಮಸುಕು ಹೋಗುತ್ತದೆಯೇ?
ಇಲ್ಲ. ಕಳೆದುಹೋದ ವಿವರ ಮರಳುವುದಿಲ್ಲ. ಗಾತ್ರ ಮಾತ್ರ ಹೆಚ್ಚುತ್ತದೆ.

ಫೋಟೋವನ್ನು ಪದೇ ಪದೇ ತೆರೆದು ನೋಡಿದರೆ ಗುಣಮಟ್ಟ ಇಳಿಯುತ್ತದೆಯೇ?
ನೋಡುವುದರಿಂದ ಏನೂ ಆಗುವುದಿಲ್ಲ. ತಿದ್ದಿ ಮತ್ತೆ ಮತ್ತೆ ಜೆಪಿಜಿಯಾಗಿಯೇ ಉಳಿಸುತ್ತಾ ಹೋದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕುಂದುತ್ತದೆ. ಅದಕ್ಕೇ ಪಿಎಸ್‌ಡಿ ಮೂಲ ಪ್ರತಿ ಇಟ್ಟುಕೊಳ್ಳಿ ಎನ್ನುವುದು.

ಫಾರ್ವರ್ಡ್ ಮಾಡುವವರಿಗೆ ಇಷ್ಟು ಸಾಕು

ಜೆಪಿಜಿ ಕಾಣದಿದ್ದರೆ: ‘ಸೇವ್ ಎ ಕಾಪಿ’ ಅಥವಾ ‘ಎಕ್ಸ್‌ಪೋರ್ಟ್’ ನೋಡಿ. ಅಲ್ಲೂ ಇಲ್ಲದಿದ್ದರೆ ‘ಇಮೇಜ್’, ‘ಮೋಡ್’ ತೆರೆದು ಆರ್‌ಜಿಬಿ, 8 ಬಿಟ್ ಮಾಡಿ. ಆಗಲೂ ಬರದಿದ್ದರೆ ಅಳತೆ ಇಳಿಸಿ. ಹೀಕ್, ವೆಬ್‌ಪಿ ಚಿತ್ರಗಳ ಹೆಸರು ತಿದ್ದಬೇಡಿ, ನಿಜವಾಗಿ ಬದಲಿಸಿ. ಆಧಾರ್, ಸಹಿ, ಅಂಕಪಟ್ಟಿಗಳನ್ನು ಗೊತ್ತಿಲ್ಲದ ತಾಣಕ್ಕೆ ಏರಿಸಬೇಡಿ.